ರಾಕ್ ಗಾಯಕರ ಶಾರೀರ: ಅದರ ವ್ಯಾಪ್ತಿ ಮತ್ತು ನೆಲೆಗಳು

ಮನುಷ್ಯನ ಕಂಠದಷ್ಟು ಪುರಾತನವಾದ ವಾದ್ಯ ಮತ್ತೊಂದಿಲ್ಲ. ವೀಣೆಯ ತಂತಿ ಹರಿದರೆ ಬೇರೊಂದನ್ನು ಬಿಗಿಯಬಹುದು. ಕೊಳಲು ಸೀಳಿದರೆ ಇನ್ನೊಂದನ್ನು ಕೊಳ್ಳಬಹುದು. ಕಂಠವಾದರೋ ಹುಟ್ಟಿನೊಡನೆ ಬಂದು ದೇಹದೊಡನೆ ಸವೆಯುವಂಥದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ಬೆಳೆದ ರಾಕ್ ಸಂಗೀತವು ಈ ವಾದ್ಯವನ್ನು ಅದರ ಎಲ್ಲೆಯವರೆಗೂ ದುಡಿಸಿಕೊಂಡಿತು. ಅದು ಬರಿಯ ಅಬ್ಬರವೆಂದು ಹಿರಿಯರು ಹೇಳುವುದುಂಟು. ತಮ್ಮ ಮೆಚ್ಚಿನ ಗಾಯಕನಿಗೆ ನಾಲ್ಕು ಸ್ಥಾಯಿಗಳ ಕಂಠವಿದೆಯೆಂದು ಕಿರಿಯರು ಹೆಮ್ಮೆಪಡುವುದೂ ಉಂಟು. ಈ ಎರಡು ಅಭಿಪ್ರಾಯಗಳೂ ಪರೀಕ್ಷೆಗೆ ಅರ್ಹವಾಗಿವೆ.

ಧ್ವನಿಪೆಟ್ಟಿಗೆಯೊಳಗೆ ಮಾಂಸಲವಾದ ಎರಡು ಮಡಿಕೆಗಳಿವೆ. ಇವೇ ಧ್ವನಿತಂತುಗಳು. ಶ್ವಾಸಕೋಶದಿಂದ ಹೊರಡುವ ಉಸಿರು ಇವುಗಳ ನಡುವೆ ಹಾಯುವಾಗ ಅವು ಕೂಡುತ್ತ ಅಗಲುತ್ತ ಕಂಪಿಸುತ್ತವೆ. ಕಂಪನಗಳ ಸಂಖ್ಯೆ ಇಮ್ಮಡಿಯಾದರೆ ಸ್ವರವು ಒಂದು ಸ್ಥಾಯಿಯಷ್ಟು ಮೇಲೇರುತ್ತದೆ. ಸೆಕೆಂಡಿಗೆ 100 ಕಂಪನಗಳ ಸ್ವರಕ್ಕೆ 200 ಕಂಪನಗಳ ಸ್ವರವು ಒಂದು ಸ್ಥಾಯಿ ಮೇಲಿನದು, 400ರದು ಎರಡು ಸ್ಥಾಯಿ ಮೇಲಿನದು. ಗಾಯಕನು ಮುಟ್ಟಬಲ್ಲ ಅತಿ ತಗ್ಗಿನ ಸ್ವರದಿಂದ ಅತಿ ಎತ್ತರದ ಸ್ವರದವರೆಗಿನ ಅಂತರವೇ ಅವನ ಧ್ವನಿವ್ಯಾಪ್ತಿ.

ಆದರೆ ಕಂಠವು ಈ ವ್ಯಾಪ್ತಿಯ ಉದ್ದಕ್ಕೂ ಒಂದೇ ರೀತಿಯಲ್ಲಿ ಕಂಪಿಸುವುದಿಲ್ಲ. ಒಂದೇ ಬಗೆಯ ಕಂಪನದಿಂದ ಹುಟ್ಟುವ ಸ್ವರಗಳ ಗುಂಪಿಗೆ ಪಾಶ್ಚಾತ್ಯರು ‘ರಿಜಿಸ್ಟರ್’ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಧ್ವನಿಯ ನೆಲೆ ಎನ್ನಬಹುದು. ಸ್ಪೇನ್ ಮೂಲದ ಸಂಗೀತಾಚಾರ್ಯ ಮ್ಯಾನುಯೆಲ್ ಗಾರ್ಸಿಯಾ 1854ರಲ್ಲಿ ಪುಟ್ಟ ಕನ್ನಡಿಯ ಸಹಾಯದಿಂದ ಹಾಡುತ್ತಿರುವ ತನ್ನ ಧ್ವನಿತಂತುಗಳನ್ನು ತಾನೇ ಕಂಡನು. ಅಲ್ಲಿಂದ ಈ ವಿಷಯದ ಶಾಸ್ತ್ರೀಯ ಅಧ್ಯಯನಕ್ಕೆ ಹೊಸ ದಾರಿ ತೆರೆಯಿತು. ಅದಕ್ಕೂ ಬಹಳ ಮೊದಲೇ, ಹದಿಮೂರನೆಯ ಶತಮಾನದಲ್ಲಿ, ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಮಂದ್ರಕ್ಕೆ ಹೃದಯವನ್ನೂ ಮಧ್ಯಕ್ಕೆ ಕಂಠವನ್ನೂ ತಾರಕ್ಕೆ ಶಿರಸ್ಸನ್ನೂ ಸ್ಥಾನಗಳೆಂದು ಹೇಳಿದ್ದನು. ಪಾಶ್ಚಾತ್ಯರೂ ಎದೆಯ ದನಿ, ತಲೆಯ ದನಿ ಎಂಬ ಮಾತುಗಳನ್ನೇ ಬಳಸುತ್ತಾರೆ. ನಾದವು ಹುಟ್ಟುವುದು ಕಂಠದಲ್ಲಿಯೇ. ಅದರ ಅನುರಣನದ ಅನುಭವ ಮಾತ್ರ ಎದೆಯಲ್ಲಿಯೋ ತಲೆಯಲ್ಲಿಯೋ ಆಗುತ್ತದೆ.

ಸಾಮಾನ್ಯವಾಗಿ ನಾಲ್ಕು ನೆಲೆಗಳನ್ನು ಗುರುತಿಸುವುದು ರೂಢಿ. ಅತಿ ತಗ್ಗಿನಲ್ಲಿ ಗೊರಗೊರ ಎನ್ನುವ ಸಡಿಲ ದನಿ ಮೊದಲನೆಯದು. ಮಾತಿಗೂ ಬಹುಪಾಲು ಗಾನಕ್ಕೂ ಬಳಕೆಯಾಗುವ ಎದೆಯ ದನಿ ಎರಡನೆಯದು. ಇಲ್ಲಿ ತಂತುಗಳು ದಪ್ಪವಾಗಿದ್ದು, ತುಂಬಾಗಿ ಕೂಡಿ ಅಗಲುತ್ತವೆ. ಮೂರನೆಯದು ಫಾಲ್ಸೆಟ್ಟೋ, ಎಂದರೆ ಹುಸಿಕಂಠ. ಇದರಲ್ಲಿ ತಂತುಗಳು ನೀಳವಾಗಿ ಬಿಗಿದು, ಅಂಚುಗಳು ಮಾತ್ರ ಕಂಪಿಸುವುದರಿಂದ ದನಿ ತೆಳುವಾಗುತ್ತದೆ. ಎಲ್ಲಕ್ಕಿಂತ ಮೇಲಿನದು ಸಿಳ್ಳೆಯಂಥ ದನಿ. ಎರಡನೆಯ ನೆಲೆಯಿಂದ ಮೂರನೆಯದಕ್ಕೆ ಏರುವಾಗ ಪಳಗದ ಕಂಠ ಒಡೆದಂತಾಗುತ್ತದೆ. ಪ್ರೌಢಶಾಲೆಯ ಹುಡುಗರ ದನಿ ಒಡೆಯುವುದನ್ನು ಕೇಳಿದ ಅಧ್ಯಾಪಕರಿಗೆ ಇದು ಅಪರಿಚಿತವೇನಲ್ಲ.

ರಾಕ್ ಗಾಯನದ ವೈಶಿಷ್ಟ್ಯವಿರುವುದು ಈ ಸಂಧಿಸ್ಥಾನದಲ್ಲಿ. ಸಾಮಾನ್ಯನು ಹುಸಿಕಂಠಕ್ಕೆ ಸರಿಯುವ ಎತ್ತರದಲ್ಲಿಯೂ ರಾಕ್ ಗಾಯಕನು ಎದೆಯ ದನಿಯ ಕಸುವನ್ನು ಬಿಟ್ಟುಕೊಡುವುದಿಲ್ಲ. ಲೆಡ್ ಝೆಪೆಲಿನ್ ತಂಡದ ರಾಬರ್ಟ್ ಪ್ಲಾಂಟನ ಆರಂಭಕಾಲದ ಗಾಯನ ಇದಕ್ಕೆ ನಿದರ್ಶನ. ಜಾನಿಸ್ ಜಾಪ್ಲಿನ್ ಳ ಕಂಠದಲ್ಲಿ ಕೇಳಿಬರುವ ಗರಗರ ಛಾಯೆಯೂ ಕಂಠದೋಷವೆಂದು ತಳ್ಳಿಹಾಕುವಂಥದಲ್ಲ. ಅದು ಭಾವವನ್ನು ಹೊರುವ ಸಾಧನ. ಮೈಕ್ರೋಫೋನು ಬಂದುದರಿಂದ ಪಿಸುದನಿಯೂ ಸಹಸ್ರಾರು ಜನರನ್ನು ಮುಟ್ಟುವಂತಾಗಿ, ನೆಲೆಯಿಂದ ನೆಲೆಗೆ ಜಿಗಿಯುವ ಸ್ವಾತಂತ್ರ್ಯ ಗಾಯಕನಿಗೆ ದೊರೆಯಿತು.

ಈ ವಿಷಯದಲ್ಲಿ ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿಯ ಉದಾಹರಣೆ ಬೋಧಪ್ರದವಾಗಿದೆ. 1946ರಲ್ಲಿ ಝಾಂಜಿಬಾರಿನಲ್ಲಿ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದ ಫರೋಖ್ ಬುಲ್ಸಾರಾ ಎಂಬ ಬಾಲಕನು ಮಹಾರಾಷ್ಟ್ರದ ಪಂಚಗಣಿಯ ವಸತಿಶಾಲೆಯಲ್ಲಿ ಓದಿದನು. ಪಿಯಾನೋ ಪಾಠ, ಶಾಲೆಯ ವೃಂದಗಾನ, ಸಹಪಾಠಿಗಳೊಡನೆ ಕಟ್ಟಿದ ಪುಟ್ಟ ವಾದ್ಯತಂಡ ಇವೆಲ್ಲ ಅಲ್ಲಿಯೇ ಮೊದಲಾದವು. ಮುಂದೆ ಜಗದ್ವಿಖ್ಯಾತನಾದ ಅವನು 1991ರಲ್ಲಿ ತೀರಿಕೊಂಡನು. 2016ರಲ್ಲಿ ಯೂರೋಪಿನ ಧ್ವನಿವಿಜ್ಞಾನಿಗಳು ಅವನ ಧ್ವನಿಮುದ್ರಣಗಳನ್ನು ಪರೀಕ್ಷಿಸಿದರು. ಮಾತನಾಡುವಾಗ ಅವನ ಕಂಪನಸಂಖ್ಯೆ ಸೆಕೆಂಡಿಗೆ ಸುಮಾರು 117. ಇದು ಎತ್ತರದ ಟೆನರ್ ಕಂಠಕ್ಕಿಂತ ಮಧ್ಯಮ ತರಗತಿಯ ಬ್ಯಾರಿಟೋನ್ ಕಂಠಕ್ಕೆ ಸಹಜವಾದುದು. ಹಾಡಿನಲ್ಲಿ ಮಾತ್ರ ಅದು ಸುಮಾರು 92ರಿಂದ 784ರವರೆಗೆ, ಅಂದರೆ ಮೂರು ಸ್ಥಾಯಿಗಳಿಗಿಂತ ತುಸು ಹೆಚ್ಚು ವ್ಯಾಪಿಸಿತ್ತು. ನಾಲ್ಕು ಸ್ಥಾಯಿಗಳೆಂಬ ಪ್ರತೀತಿಗೆ ಆಧಾರ ದೊರೆಯಲಿಲ್ಲ. ಅವನ ಸ್ವರದ ಕಂಪಿತವು ಸೆಕೆಂಡಿಗೆ ಸುಮಾರು 7ರಂತೆ, ಶಾಸ್ತ್ರೀಯ ಗಾಯಕರಿಗಿಂತ ತ್ವರಿತವಾಗಿತ್ತು. ಅವನನ್ನು ಅನುಕರಿಸಿ ಹಾಡಿದ ಗಾಯಕನೊಬ್ಬನ ಗಂಟಲನ್ನು ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಮಿಕ್ಕ ಚಿತ್ರಗಳನ್ನು ತೆಗೆಯುವ ಕ್ಯಾಮೆರಾದಿಂದ ನೋಡಿದಾಗ, ಧ್ವನಿತಂತುಗಳ ಮೇಲಿರುವ ಹುಸಿತಂತುಗಳೂ ಜೊತೆಗೂಡಿ ಕಂಪಿಸುವುದು ಕಂಡುಬಂದಿತು.

1975ರ ‘ಬೊಹೀಮಿಯನ್ ರಾಪ್ಸೊಡಿ’ಯ ವೃಂದಭಾಗದಲ್ಲಿ ಕೇಳುವ ಅತ್ಯುಚ್ಚ ಸ್ವರಗಳು ಮರ್ಕ್ಯುರಿಯವಲ್ಲ, ಡ್ರಮ್ ವಾದಕ ರೋಜರ್ ಟೇಲರನವು. ವೇದಿಕೆಯ ಮೇಲೆ ಮರ್ಕ್ಯುರಿ ಕೆಲವು ಎತ್ತರದ ಸಾಲುಗಳನ್ನು ತಗ್ಗಿಸಿ ಹಾಡುತ್ತಿದ್ದನು. ಇದು ದೌರ್ಬಲ್ಯವಲ್ಲ, ವಿವೇಕ. ಏಕೆಂದರೆ ಅತಿಶ್ರಮದಿಂದ ಧ್ವನಿತಂತುಗಳ ಮೇಲೆ ಗಂಟುಗಳು ಏಳುತ್ತವೆ. ಅವನಿಗೂ ಈ ಬಾಧೆಯಿತ್ತು. 1975ರ ಅಮೆರಿಕ ಪ್ರವಾಸದಲ್ಲಿ ಹಲವು ಕಾರ್ಯಕ್ರಮಗಳನ್ನು ರದ್ದುಪಡಿಸಬೇಕಾಯಿತು. ಏರೋಸ್ಮಿತ್ ತಂಡದ ಸ್ಟೀವನ್ ಟೈಲರನ ಕಂಠಕ್ಕೆ 2023ರಲ್ಲಿ ಆದ ಪೆಟ್ಟು ಪೂರ್ಣವಾಗಿ ಗುಣವಾಗದೆ, 2024ರಲ್ಲಿ ಆ ತಂಡ ಪ್ರವಾಸದಿಂದಲೇ ನಿವೃತ್ತಿ ಘೋಷಿಸಿತು. ಅರ್ಧ ಶತಮಾನದ ಗಾಯನ ಒಂದು ಸಂಜೆಯ ಆಘಾತಕ್ಕೆ ಸಿಲುಕಿತು.

ಸಾಲದ್ದಕ್ಕೆ ಈ ಅಪಾಯ ಗಾಯಕರಿಗಷ್ಟೇ ಸೀಮಿತವಲ್ಲ. ದಿನವಿಡೀ ಗದ್ದಲದ ತರಗತಿಯಲ್ಲಿ ದನಿಯೇರಿಸಿ ಪಾಠಹೇಳುವ ಅಧ್ಯಾಪಕರಲ್ಲಿಯೂ ಕಂಠಬಾಧೆ ಸಾಮಾನ್ಯ. ಎರಡು ಮೂರು ವಾರಗಳಾದರೂ ಬಿಡದ ಒಡಕುದನಿಯನ್ನು ವೈದ್ಯರಿಗೆ ತೋರಿಸುವುದು ಲೇಸು. ನೀರು ಕುಡಿಯುವುದು, ದನಿಗೆ ವಿಶ್ರಾಂತಿ ಕೊಡುವುದು, ಹಾಡಿಗೆ ಮೊದಲು ಗಂಟಲನ್ನು ಮೆಲ್ಲಗೆ ಪಳಗಿಸುವುದು ಇವು ವೃಂದಗಾನದ ಮಕ್ಕಳಿಗೂ ಕಲಿಸತಕ್ಕ ಪಾಠಗಳು.

ಸ್ಥಾಯಿಗಳನ್ನು ಎಣಿಸಿ ಗಾಯಕನನ್ನು ಅಳೆಯುವುದು, ಹೊಲದ ವಿಸ್ತೀರ್ಣವನ್ನಷ್ಟೇ ನೋಡಿ ಬೆಳೆಯನ್ನು ಅಳೆದಂತೆ. ತನಗೆ ದೊರೆತ ಕಂಠದ ನೆಲೆಗಳನ್ನು ಅರಿತು, ಅದರ ಎಲ್ಲೆಯನ್ನು ಗೌರವಿಸುತ್ತಲೇ ಹಿಗ್ಗಿಸಿ, ಒಂದೊಂದು ಸ್ವರಕ್ಕೂ ಅರ್ಥ ತುಂಬುವವನೇ ನಿಜವಾದ ಗಾಯಕ. ಪಂಚಗಣಿಯ ವಸತಿಶಾಲೆಯಿಂದ ಹೊರಟ ಮಧ್ಯಮ ತರಗತಿಯ ಕಂಠವೊಂದು ಜಗತ್ತನ್ನೇ ತುಂಬಿದುದು ಈ ಮಾತಿಗೆ ಸಾಕ್ಷಿಯಾಗಿದೆ.