ತಪ್ಪಿಗೆ ಜಾಗವಿಲ್ಲದ ವಿಮಾನ

ಮುಂಬೈಯ ಫೋರ್ಟ್‌ನಲ್ಲಿ, ಕ್ರಾಫರ್ಡ್ ಮಾರ್ಕೆಟ್ ಎದುರಿಗಿರುವ ಪೊಲೀಸ್ ಕಮಿಷನರ್ ಕಚೇರಿಯಿಂದ ಒಂದೇ ಧಾಟಿಯ ಆದೇಶವೊಂದು ಅವಧಿ ಮುಗಿದಂತೆಲ್ಲ ಮತ್ತೆ ಮತ್ತೆ ಹೊರಡುತ್ತಿರುತ್ತದೆ. ಡ್ರೋನ್, ರಿಮೋಟ್‌ನಿಂದ ನಡೆಯುವ ಮೈಕ್ರೋಲೈಟ್ ವಿಮಾನ, ಪ್ಯಾರಾಗ್ಲೈಡರ್, ಪ್ಯಾರಾಮೋಟರ್, ಬಿಸಿಗಾಳಿ ಬಲೂನು ಇವುಗಳನ್ನು ಅನುಮತಿಯಿಲ್ಲದೆ ನಗರದ ಮೇಲೆ ಹಾರಿಸಕೂಡದು ಎಂಬ ನಿಷೇಧಾಜ್ಞೆ ಅದು. ಮೊದಲು 144ನೇ ಕಲಮಿನಡಿ ಬರುತ್ತಿತ್ತು, ಈಗ ಹೊಸ ಸಂಹಿತೆಯ 163ನೇ ಕಲಮಿನಡಿ ಬರುತ್ತಿದೆ. ಉಗ್ರರು ಇಂಥವನ್ನು ಬಳಸಿಕೊಂಡಾರು ಎಂಬುದು ಆದೇಶ ಕೊಡುವ ಕಾರಣ. 2008ರ ನವೆಂಬರ್‌ನ ಉಗ್ರರ ದಾಳಿ ಕಂಡ ಊರಿಗೆ ಆ ಅಂಜಿಕೆ ಇರುವುದು ಸಹಜವೇ. ಆದರೆ ಈ ಪುಟ್ಟ ವಿಮಾನಗಳ ಬಗ್ಗೆ ನಮ್ಮ ಸರ್ಕಾರಗಳ ಚಿಂತೆ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ: ಯಾರು ಹಾರಿಸುತ್ತಾರೆ, ಯಾವ ಉದ್ದೇಶಕ್ಕೆ ಹಾರಿಸುತ್ತಾರೆ. ಒಳಗೆ ಕೂತವನು ಏಕೆ ಬೀಳುತ್ತಾನೆ ಎಂಬ ಪ್ರಶ್ನೆಗೆ ಮಾತ್ರ ‘ಪೈಲಟ್‌ನ ತಪ್ಪು’ ಎಂಬ ಒಂದೇ ಉತ್ತರ ಸದಾ ಸಿದ್ಧವಾಗಿರುತ್ತದೆ. ಆ ಉತ್ತರ ಬಹುಮಟ್ಟಿಗೆ ನಿಜ. ಆದರೆ ದೊಡ್ಡ ವಿಮಾನದಲ್ಲಿ ತಿದ್ದಿಕೊಳ್ಳಬಹುದಾದ, ಎಲ್ಲರೂ ಮಾಡುವ ಸಾಧಾರಣ ತಪ್ಪು ಈ ವಿಮಾನದಲ್ಲಿ ಏಕೆ ಜೀವ ತೆಗೆಯುತ್ತದೆ ಎಂದು ಕೇಳದಿದ್ದರೆ, ಆ ನಿಜದಿಂದ ಮುಂದಿನ ಪೈಲಟ್‌ಗೆ ಏನೂ ಉಪಯೋಗವಿಲ್ಲ.

ನಮ್ಮಲ್ಲಿ ಮೈಕ್ರೋಲೈಟ್ ಎಂದು ಕರೆಯುವ ವಿಮಾನಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಮಿತಿ ಹಾಕಿದೆ. ಹೆಚ್ಚೆಂದರೆ ಎರಡು ಸೀಟು, ಜನ, ಇಂಧನ ಎಲ್ಲ ಸೇರಿ ತೂಕ ಸುಮಾರು 450 ಕಿಲೋ, ಒಂದೇ ಎಂಜಿನ್. ಅಮೆರಿಕದ ಅಲ್ಟ್ರಾಲೈಟ್ ಇನ್ನೂ ಚಿಕ್ಕದು: ಒಂದೇ ಸೀಟು, ಖಾಲಿ ತೂಕ 115 ಕಿಲೋ, ಟ್ಯಾಂಕಿನಲ್ಲಿ 19 ಲೀಟರ್ ಪೆಟ್ರೋಲ್. ಅಲ್ಲಿ 1982ರಿಂದ ಅದನ್ನು ಹಾರಿಸಲು ಲೈಸೆನ್ಸೂ ಬೇಕಿಲ್ಲ. ಇಷ್ಟು ಹಗುರ, ಇಷ್ಟು ನಿಧಾನ ಇರುವ ವಿಮಾನ ಜೆಟ್‌ಗಿಂತ ಸುರಕ್ಷಿತ ಇರಲೇಬೇಕು ಎಂದು ನೆಲದ ಮೇಲಿರುವವರಿಗೆ ಅನ್ನಿಸುತ್ತದೆ. ರಸ್ತೆಯ ಮೇಲೆ ವೇಗವೇ ಅಪಾಯ ತಾನೇ? ಆಕಾಶದಲ್ಲಿ ಲೆಕ್ಕ ತಿರುಗುಮುರುಗು. ವಿಮಾನವನ್ನು ಎತ್ತಿಹಿಡಿಯುವುದೇ ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗ. ಅದು ಒಂದು ಮಿತಿಗಿಂತ ಇಳಿದರೆ ರೆಕ್ಕೆ ಎತ್ತುವುದನ್ನು ನಿಲ್ಲಿಸುತ್ತದೆ, ಪೈಲಟ್‌ಗಳು ಇದನ್ನು ಸ್ಟಾಲ್ ಎನ್ನುತ್ತಾರೆ. ನೇರ ಹಾರಾಟದಲ್ಲಿ 70 ಕಿಲೋಮೀಟರ್ ವೇಗಕ್ಕೆ ಸ್ಟಾಲ್ ಆಗುವ ವಿಮಾನ, 60 ಡಿಗ್ರಿ ವಾಲಿಸಿಕೊಂಡು ಮಟ್ಟವಾಗಿ ತಿರುಗುವಾಗ 99 ಕಿಲೋಮೀಟರ್‌ನಲ್ಲೇ ಸ್ಟಾಲ್ ಆಗುತ್ತದೆ. ಅದು ಇಳಿಯಲು ಬರುವುದೇ 90ರ ಆಸುಪಾಸಿನ ವೇಗದಲ್ಲಿ ಎಂಬುದನ್ನು ಇದರ ಪಕ್ಕ ಇಟ್ಟು ನೋಡಬೇಕು. ಗಂಟೆಗೆ 30 ಕಿಲೋಮೀಟರ್‌ನ ಒಂದು ಗಾಳಿಯ ಬೀಸು ಅದರ ವೇಗದ ಮೂರನೇ ಒಂದು ಪಾಲು. 250ರಲ್ಲಿ ಇಳಿಯುವ ಪ್ರಯಾಣಿಕ ವಿಮಾನಕ್ಕೆ ಅದೇ ಬೀಸು ಎಂಟನೇ ಒಂದು ಪಾಲೂ ಅಲ್ಲ.

ವೇಗ ಕಡಿಮೆ ಎಂಬುದರ ಜೊತೆಗೆ ತೂಕ ಕಡಿಮೆ ಎಂಬ ಇನ್ನೊಂದು ತೊಡಕಿದೆ. ಕಲ್ಲನ್ನು ಎಸೆದರೆ ದೂರ ಹೋಗುತ್ತದೆ, ಹತ್ತಿಯ ಉಂಡೆ ಎಸೆದರೆ ಕೈ ಬಿಟ್ಟಲ್ಲೇ ನಿಲ್ಲುತ್ತದೆ. ಬಟ್ಟೆ ಹೊದಿಸಿದ ಕೊಳವೆ ಚೌಕಟ್ಟಿನ ಅಲ್ಟ್ರಾಲೈಟ್‌ನ ಎಂಜಿನ್ ನಿಂತರೆ ಆಗುವುದೂ ಹೀಗೆಯೇ. ಗಾಳಿಯ ಎಳೆತ ಹೆಚ್ಚು, ಮುನ್ನುಗ್ಗುವ ಬಲ ಕಡಿಮೆ, ಎರಡು ಮೂರು ಸೆಕೆಂಡಿನಲ್ಲಿ ವೇಗ ಕುಸಿಯುತ್ತದೆ. ಆ ಗಳಿಗೆಯಲ್ಲಿ ಮಾಡಬೇಕಾದದ್ದು ಮೂತಿಯನ್ನು ನೆಲದ ಕಡೆಗೆ ತಗ್ಗಿಸುವುದು. ಆದರೆ ನೆಲ ಹತ್ತಿರದಲ್ಲೇ ಕಾಣುತ್ತಿರುವಾಗ ಮನುಷ್ಯನ ಕೈ ನಿಯಂತ್ರಣದ ಕೋಲನ್ನು ತನ್ನತ್ತ ಎಳೆದುಕೊಳ್ಳಲು ಹವಣಿಸುತ್ತದೆ. ಟೇಕಾಫ್ ಆದ ಕೂಡಲೇ, ಸುಮಾರು ಮುನ್ನೂರು ಅಡಿಯಲ್ಲಿ ಎಂಜಿನ್ ಕೈಕೊಟ್ಟರೆ ಪೈಲಟ್‌ಗೆ ಸಿಗುವುದು ಅರ್ಧ ನಿಮಿಷಕ್ಕಿಂತ ಕಡಿಮೆ ಹೊತ್ತು. ಹಿಂದೆ ರನ್‌ವೇ ಇದೆಯಲ್ಲ, ತಿರುಗಿ ಹೋಗೋಣ ಎಂಬ ಆಸೆ ಆಗ ಬಲವಾಗಿರುತ್ತದೆ. 180 ಡಿಗ್ರಿ ತಿರುಗಿದರೂ ರನ್‌ವೇ ಪಕ್ಕಕ್ಕೆ ಸರಿದಿರುತ್ತದೆ, ಅದರ ನೇರಕ್ಕೆ ಬರಲು ಇನ್ನೊಮ್ಮೆ ತಿರುಗಬೇಕು. ಪ್ರತಿ ತಿರುವಿಗೂ ಎತ್ತರ ಕರಗುತ್ತದೆ, ಸ್ಟಾಲ್‌ನ ವೇಗ ಏರುತ್ತದೆ. ಎದುರಿಗಿರುವ ಗದ್ದೆಗೋ ಬಯಲಿಗೋ ನೇರವಾಗಿ ಇಳಿಸುವುದೇ ಮೇಲು ಎಂದು ಎಲ್ಲ ತರಬೇತಿ ಪುಸ್ತಕಗಳೂ ಹೇಳುವುದು ಇದಕ್ಕೇ.

ಟೇಕಾಫ್‌ನ ಆ ಮೊದಲ ನಿಮಿಷಗಳು ಎಷ್ಟು ಕ್ರೂರವಾಗಿರಬಲ್ಲವೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಇದ್ದ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಪಕ್ಕದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿತ್ತು, ಅದರಲ್ಲಿದ್ದ ನಾಲ್ವರೂ ಉಳಿಯಲಿಲ್ಲ. ಅದು ಸೆಸ್ನಾ 180, ಮೈಕ್ರೋಲೈಟ್ ಅಲ್ಲ, ಅದಕ್ಕಿಂತ ಭಾರದ ವಿಮಾನ. ಅದಕ್ಕೇ ಸಿಗದ ಅವಕಾಶ ಅರ್ಧಕ್ಕಿಂತ ಕಡಿಮೆ ತೂಕದ್ದಕ್ಕೆ ಎಲ್ಲಿಂದ ಬರಬೇಕು? 2020ರ ಫೆಬ್ರುವರಿಯಲ್ಲಿ ಪಟಿಯಾಲದಲ್ಲಿ ಎನ್‌ಸಿಸಿಯ ಮೈಕ್ರೋಲೈಟ್ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿದ್ದಾಗ ಸತ್ತವರು ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ದರ್ಜೆಯ ಅಧಿಕಾರಿ, ಜೊತೆಗಿದ್ದ ಕೆಡೆಟ್ ಗಾಯಗೊಂಡ. ಆ ಅಪಘಾತದ ಕಾರಣ ಏನೇ ಇರಲಿ, ಹೊಸಬರು ಮಾತ್ರ ಬೀಳುತ್ತಾರೆ ಎಂಬ ಸಮಾಧಾನಕ್ಕೆ ಅಲ್ಲಿ ಜಾಗವಿಲ್ಲ.

ಇನ್ನು ಎಂಜಿನ್ ಏಕೆ ನಿಲ್ಲುತ್ತದೆ ಎಂಬುದು. ಹಳೆಯ ಅಲ್ಟ್ರಾಲೈಟ್‌ಗಳಲ್ಲಿ ಹೆಚ್ಚಾಗಿ ಇದ್ದದ್ದು ಟೂ-ಸ್ಟ್ರೋಕ್ ಎಂಜಿನ್. ಆಸ್ಟ್ರಿಯಾದ ರೋಟಾಕ್ಸ್ ಕಂಪನಿ ಇಂಥ ಎಂಜಿನ್‌ನ ಕೈಪಿಡಿಯಲ್ಲೇ, ಇದು ಇದ್ದಕ್ಕಿದ್ದಂತೆ ನಿಲ್ಲಬಹುದಾದ ಎಂಜಿನ್ ಎಂದು ಎಚ್ಚರಿಸುತ್ತದೆ. ಮಾರುವವನೇ ಇಷ್ಟು ನೇರವಾಗಿ ಹೇಳುವುದು ಅಪರೂಪ! ಈಗ ಹೆಚ್ಚು ಬಳಕೆಯಲ್ಲಿರುವ ಅದೇ ಕಂಪನಿಯ ಫೋರ್-ಸ್ಟ್ರೋಕ್ 912 ಎಷ್ಟೋ ನಂಬಿಕಸ್ಥ. ಅದು ಸಾಮಾನ್ಯ ಪೆಟ್ರೋಲ್‌ನಲ್ಲೂ ಓಡುತ್ತದೆ, ಆದರೆ ಕಂಪನಿ ಒಪ್ಪಿರುವ ಎಥೆನಾಲ್ ಪ್ರಮಾಣ ಶೇ 10ರವರೆಗೆ ಮಾತ್ರ. ನಮ್ಮ ಬಂಕ್‌ಗಳಲ್ಲಿ ಈಗ ಸಿಗುವುದು ಶೇ 20 ಬೆರೆಸಿದ ಪೆಟ್ರೋಲ್. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಆ ನೀರು ಒಂದು ಹಂತ ದಾಟಿದರೆ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಸ್ಕೂಟರ್‌ನಲ್ಲಿ ಇದರಿಂದ ಆಗುವ ಕಷ್ಟ ರಸ್ತೆ ಬದಿಗೆ ತಳ್ಳಿಕೊಂಡು ಹೋಗುವಷ್ಟರದ್ದು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ನದು ಇನ್ನೊಂದು ತೊಂದರೆ. ಪೆಟ್ರೋಲ್ ಆವಿಯಾಗುವಾಗ ಅದರ ಕೊರಳಿನ ಉಷ್ಣತೆ ಇಪ್ಪತ್ತು ಡಿಗ್ರಿಗೂ ಹೆಚ್ಚು ಇಳಿಯಬಹುದು, ಹೊರಗೆ 25 ಡಿಗ್ರಿ ಇದ್ದರೂ ಗಾಳಿ ತೇವವಾಗಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಬಹುದು. ಮುಂಬೈ, ಮಂಗಳೂರು, ಕಾರವಾರದಂಥ ಕರಾವಳಿಯಲ್ಲಿ ಮಂಜುಗಡ್ಡೆಯಿಂದ ಎಂಜಿನ್ ನಿಲ್ಲುತ್ತದೆಂದರೆ ನಗು ಬಂದೀತು, ಆದರೆ ತೇವ ಹೆಚ್ಚಿರುವಲ್ಲೇ ಆ ಸಂಭವ ಹೆಚ್ಚು. ಇಂಥ ಎಂಜಿನ್ ನಿಂತು, ಪೈಲಟ್ ಗಾಬರಿಯಲ್ಲಿ ತಪ್ಪು ತಿರುವು ತೆಗೆದುಕೊಂಡು ಬಿದ್ದರೆ ವರದಿಯ ಕೊನೆಯ ಸಾಲಿನಲ್ಲಿ ಉಳಿಯುವುದು ತಿರುವು ಮಾತ್ರ. ಪೆಟ್ರೋಲ್ ಯಾವ ಬಂಕಿನದು, ಎಷ್ಟು ದಿನದ್ದು ಎಂಬುದು ಮರೆತುಹೋಗಿರುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುವುದು ನ್ಯಾಯವೇ. ಅಮೆರಿಕದ ಪೈಲಟ್‌ಗಳ ಸಂಘ ವರ್ಷವರ್ಷ ಹೊರತರುವ ವಿಶ್ಲೇಷಣೆಗಳಲ್ಲಿ, ವಾಣಿಜ್ಯೇತರ ಸಣ್ಣ ವಿಮಾನಗಳ ಅಪಘಾತಗಳಲ್ಲಿ ಸರಿಸುಮಾರು ನಾಲ್ಕರಲ್ಲಿ ಮೂರು ಪೈಲಟ್‌ಗೆ ಸಂಬಂಧಿಸಿದವು ಎಂದೇ ಕಂಡುಬರುತ್ತದೆ. ಅಂಕಿ ಇಷ್ಟು ಸ್ಪಷ್ಟವಿರುವಾಗ ಪೆಟ್ರೋಲ್, ತೇವ ಎಂದು ಹುಡುಕುವುದು ಕುಣಿಯಲಾರದವಳು ನೆಲ ಡೊಂಕು ಎಂದಂತಲ್ಲವೇ? ಇದಕ್ಕೆ ಗಾಯಕ ಜಾನ್ ಡೆನ್ವರ್ ಸಾವಿನ ತನಿಖೆಗಿಂತ ಒಳ್ಳೆಯ ಉತ್ತರ ಸಿಗಲಿಕ್ಕಿಲ್ಲ. 1997ರ ಅಕ್ಟೋಬರ್ 12ರಂದು ಆತ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಆಗಷ್ಟೇ ಕೊಂಡಿದ್ದ ಲಾಂಗ್-ಇಝಡ್ ಎಂಬ ಪುಟ್ಟ ವಿಮಾನದೊಂದಿಗೆ ಸಮುದ್ರಕ್ಕೆ ಬಿದ್ದ. ಇಂಧನವನ್ನು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವ ಕವಾಟವನ್ನು ವಿಮಾನ ಕಟ್ಟಿದವನು ಮೂಲ ನಕ್ಷೆಯಲ್ಲಿದ್ದ ಜಾಗ ಬಿಟ್ಟು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದ. ಅದು ಬಿಗಿಯಾಗಿತ್ತು, ಕೈಗೆಟುಕಲೆಂದು ಅದಕ್ಕೆ ಇಕ್ಕಳ ಹಾಕಿ ನೋಡಿದರೂ ಪ್ರಯೋಜನವಾಗಿರಲಿಲ್ಲ. ಬಲಗೈಯನ್ನು ಎಡ ಭುಜದ ಮೇಲಿಂದ ಹಿಂದಕ್ಕೆ ಚಾಚಿ ಮೈ ತಿರುಗಿಸಿದರೆ ಬಲಗಾಲು ತಾನಾಗಿಯೇ ರಡ್ಡರ್ ಪೆಡಲನ್ನು ಒತ್ತುತ್ತದೆ, ವಿಮಾನ ಒಂದು ಕಡೆಗೆ ವಾಲುತ್ತದೆ. ಟ್ಯಾಂಕಿನ ಮಟ್ಟ ತೋರಿಸುವ ಗಾಜು ಕೂಡ ಬೆನ್ನ ಹಿಂದೆ. ಡೆನ್ವರ್ ಇಂಧನ ತುಂಬಿಸಿಕೊಳ್ಳಲು ಒಪ್ಪಲಿಲ್ಲ, ಆ ವಿಮಾನದಲ್ಲಿ ಅವನಿಗೆ ಸಾಕಷ್ಟು ಅಭ್ಯಾಸವೂ ಇರಲಿಲ್ಲ, ಇವೆಲ್ಲ ಅವನ ತಪ್ಪುಗಳೇ. ಆದರೆ ತನಿಖಾಧಿಕಾರಿಗಳು ಕವಾಟದ ಜಾಗವನ್ನೂ ಕಾರಣಗಳ ಪಟ್ಟಿಗೆ ಸೇರಿಸಿದರು. ಪೈಲಟ್‌ನ ತಪ್ಪು ಎಂದಷ್ಟೇ ಬರೆದು ಮುಗಿಸಿದ್ದರೆ ಆ ಅಂಕಿಸಂಖ್ಯೆಗೆ ಒಂದು ಕೂಡುತ್ತಿತ್ತು, ಹಾಗೆ ಕಟ್ಟಿದ ಇನ್ನೊಂದು ಕವಾಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಫೋರ್ಟ್‌ಗೆ ಇನ್ನೂ ಹತ್ತಿರದ ನಿದರ್ಶನ ಒಂದಿದೆ. ಅಲ್ಲಿನ ಬಾಂಬೆ ಹೌಸ್‌ನಿಂದ ವ್ಯವಹಾರ ನಡೆಸುತ್ತಿದ್ದ ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಂಚೆ ಚೀಲಗಳನ್ನು ಹೊತ್ತು ಜುಹೂಗೆ ಬಂದದ್ದು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಹಗುರ ವಿಮಾನದಲ್ಲಿ. ಅಲ್ಲಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೇಲಾಗಿ ಮದ್ರಾಸಿಗೆ ಹಾರಿದರು. ನಮ್ಮಲ್ಲಿ ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಅದೇ ವರ್ಷಗಳಲ್ಲಿ, 1930ರಿಂದ 1933ರ ನಡುವೆ, ಬೇರೆ ಬೇರೆ ದೇಶಗಳಲ್ಲಿ ಹಲವು ಪುಸ್ ಮಾತ್‌ಗಳು ಹಾರುತ್ತಿದ್ದ ಹಾಗೆಯೇ ಮುರಿದುಬಿದ್ದವು. ವಿಮಾನವನ್ನು ಹಾರಿಸಿ ನೋಡಿ, ಮಾದರಿಯನ್ನು ಗಾಳಿ ಸುರಂಗದಲ್ಲಿಟ್ಟು ಪರೀಕ್ಷಿಸಿದ ಮೇಲೆ, ಬಿರುಗಾಳಿಯ ಹೊಡೆತಕ್ಕೆ ರೆಕ್ಕೆಗೆ ಆಸರೆಯಾದ ಮುಂದಿನ ಕಂಬದ ಜೋಡಣೆ ಸೋಲಬಹುದು ಎಂದು ಗೊತ್ತಾಯಿತು. ಮುಂದಿನ ಮತ್ತು ಹಿಂದಿನ ಕಂಬಗಳ ನಡುವೆ ಒಂದು ಚಿಕ್ಕ ಕೊಂಡಿ ಹಾಕಿದರು, ದೋಷ ಸರಿಯಾಯಿತು. ಗಾಳಿ ಕೆಟ್ಟಿರುವಾಗ ಹಾರಿದ್ದೇ ತಪ್ಪು ಎಂದು ಸತ್ತ ಪೈಲಟ್‌ಗಳ ಮೇಲೆ ಹೊರೆ ಹಾಕಿ ಕೈತೊಳೆದುಕೊಂಡಿದ್ದರೆ ಆ ಕೊಂಡಿ ಬರುತ್ತಿರಲಿಲ್ಲ.

ಹಾಗೆಂದು ಪೈಲಟ್‌ಗಳನ್ನು ಪೂರ್ತಿ ಬಿಟ್ಟುಬಿಡುವ ವಾದವೂ ನಿಲ್ಲುವುದಿಲ್ಲ. ಐಕಾನ್ ಎ5 ಎಂಬ ಎರಡು ಸೀಟಿನ ಅಮೆರಿಕನ್ ಹಗುರ ವಿಮಾನವನ್ನು ಸ್ಟಾಲ್‌ನಿಂದ ಆಗುವ ಸಾವುಗಳನ್ನು ತಪ್ಪಿಸುವುದನ್ನೂ ಗಮನದಲ್ಲಿಟ್ಟು ರೂಪಿಸಿದ್ದರು. ಗಿರಕಿ ಹೊಡೆಯದಂತೆ ತಡೆಯುವ ರೆಕ್ಕೆ, ಸ್ಟಾಲ್ ಹತ್ತಿರವಾಗುತ್ತಿದೆಯೆಂದು ಕಣ್ಣೆದುರಿಗೇ ತೋರಿಸುವ ಮೀಟರ್, ವಿಮಾನವನ್ನೇ ಇಳಿಸುವ ಪ್ಯಾರಾಚೂಟ್, ಎಲ್ಲವೂ ಅದರಲ್ಲಿದ್ದವು. 2017ರ ಮೇ ತಿಂಗಳಲ್ಲಿ ಆ ಕಂಪನಿಯ ಮುಖ್ಯ ಟೆಸ್ಟ್ ಪೈಲಟ್ಟೇ ಅದನ್ನು ಹಾರಿಸುತ್ತ ತಗ್ಗಿನಲ್ಲಿ ಒಂದು ಕಣಿವೆ ಹೊಕ್ಕರು. ಅದು ಅವರು ಎಣಿಸಿದ್ದ ಕಣಿವೆಯಾಗಿರಲಿಲ್ಲ, ಕೊನೆಯಲ್ಲಿ ಗುಡ್ಡ ಅಡ್ಡವಾಗಿ ನಿಂತಿತ್ತು. ಅದೇ ನವೆಂಬರ್‌ನಲ್ಲಿ ಬೇಸ್‌ಬಾಲ್ ತಾರೆ ರಾಯ್ ಹ್ಯಾಲಡೇ ನೀರಿನ ಮೇಲೆ ತೀರಾ ಕೆಳಗೆ ಅದೇ ಮಾದರಿಯ ವಿಮಾನದಲ್ಲಿ ಕಸರತ್ತು ಮಾಡುತ್ತ ಬಿದ್ದರು, ಮೈಯಲ್ಲಿ ಅಮಲು ತರುವ ಔಷಧಗಳಿದ್ದುದು ಆಮೇಲೆ ಗೊತ್ತಾಯಿತು. ಎರಡೂ ಕಡೆ ಯಂತ್ರ ಕೈಕೊಡಲಿಲ್ಲ. ಎತ್ತರವೊಂದೇ ಸಮಯ ಕೊಡುವುದು, ಅದನ್ನು ತಾವಾಗಿಯೇ ಕೈಬಿಟ್ಟದ್ದೇ ಮುಳುವಾಯಿತು. ಪ್ಯಾರಾಚೂಟ್ ನಂಬಿಕೊಂಡವರಿಗೂ ಇದೇ ಮಾತು. 1980ರ ದಶಕದಿಂದ ಅದು ನೂರಾರು ಜನರನ್ನು ಉಳಿಸಿದೆ, ಆದರೆ ಅರಳಲು ಅದಕ್ಕೂ ಎತ್ತರ ಬೇಕು, ಅಂದರೆ ಕಣಿವೆಯ ತಳದಲ್ಲಿ, ಮುನ್ನೂರು ಅಡಿಯ ತಿರುವಿನಲ್ಲಿ, ಬಹಳ ಸಲ ಅದಕ್ಕೆ ಕೆಲಸವೇ ಇಲ್ಲ.

ಸ್ವಂತ ದುಡ್ಡು, ಸ್ವಂತ ಜೀವ, ಹಾರುವವರು ಹಾರಲಿ, ಸರ್ಕಾರಕ್ಕೇನು ಎಂದು ಇನ್ನು ಕೆಲವರು ಕೇಳುತ್ತಾರೆ. ಸಾಹಸಿಗಳ ಮಟ್ಟಿಗೆ ಅದನ್ನು ಒಪ್ಪಬಹುದು. 1988ರಲ್ಲಿ ಲಂಡನ್‌ನಿಂದ ಅಹಮದಾಬಾದಿಗೆ 23 ದಿನಗಳಲ್ಲಿ ಮೈಕ್ರೋಲೈಟ್ ಹಾರಿಸಿದ ರೇಮಂಡ್‌ನ ವಿಜಯಪತ್ ಸಿಂಘಾನಿಯಾ ಅಪಾಯ ಅರಿತೇ ಹೊರಟಿದ್ದರು. ಆದರೆ ಇಂದು ಹಗುರ ಯಂತ್ರಗಳಲ್ಲಿ ಕೂರುವವರಲ್ಲಿ ಎನ್‌ಸಿಸಿ ಕೆಡೆಟ್‌ಗಳಿದ್ದಾರೆ, ಟಿಕೆಟ್ ಕೊಂಡ ಪ್ರವಾಸಿಗಳಿದ್ದಾರೆ. 2020ರ ಅಕ್ಟೋಬರ್ 2ರಂದು ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ಸತ್ತವರು ನೌಕಾಪಡೆಯ ಹಿರಿಯ ಅಧಿಕಾರಿ, ಹಾರಿಸುತ್ತಿದ್ದ ತರಬೇತುದಾರ ಬದುಕುಳಿದರು. ನೌಕಾಪಡೆಯಲ್ಲಿದ್ದರೂ ಆ ಹೊತ್ತಿಗೆ ಅವರು ಬರಿಯ ಪ್ರಯಾಣಿಕ. ಪ್ರಯಾಣಿಕರ ಸೀಟಿನಲ್ಲಿ ಕೂತವರು ಪೆಟ್ರೋಲ್, ಹಗ್ಗ, ಗಾಳಿ ಯಾವುದನ್ನೂ ನೋಡಿ ನಿರ್ಧರಿಸಿರುವುದಿಲ್ಲ, ಅವರ ಮಟ್ಟಿಗೆ ‘ಸ್ವಂತ ಅಪಾಯ’ ಎಂಬ ಮಾತಿಗೆ ಅರ್ಥವಿಲ್ಲ.

ನಮ್ಮ ಕಾನೂನಿನ ಪ್ರಕಾರ ವಿಮಾನ ಅಪಘಾತ ತನಿಖೆಯ ಉದ್ದೇಶ ಮುಂದಿನ ಅಪಘಾತ ತಡೆಯುವುದೇ ಹೊರತು ತಪ್ಪು ಹೊರಿಸುವುದಲ್ಲ. ಆದರೆ ಅಪಘಾತ ತನಿಖಾ ಬ್ಯೂರೋ ಮುಖ್ಯವಾಗಿ ಕೈಗೆತ್ತಿಕೊಳ್ಳುವುದು 2,250 ಕಿಲೋಗಿಂತ ಭಾರದ ವಿಮಾನಗಳನ್ನು. ಮೈಕ್ರೋಲೈಟ್ ಅದರ ಐದರಲ್ಲೊಂದು. ಸೇನೆಯ ಕೈಯಲ್ಲಿರುವ ಮೈಕ್ರೋಲೈಟ್‌ಗಳ ವಿಚಾರಣೆಯನ್ನು ಸೇನೆಯೇ ನಡೆಸುತ್ತದೆ, ಅದರ ವರದಿ ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ಹೀಗೆ, ತಪ್ಪಿಗೆ ಅತಿ ಕಡಿಮೆ ಜಾಗವಿರುವ ವಿಮಾನಗಳ ಬಗ್ಗೆಯೇ ನಮ್ಮಲ್ಲಿ ಎಲ್ಲರೂ ಓದಬಹುದಾದ ವರದಿಗಳು ಅತಿ ಕಡಿಮೆ. ದೊಡ್ಡ ತನಿಖೆಯೇ ಬೇಕೆಂದಿಲ್ಲ. ಇಂಧನ ಎಲ್ಲಿಂದ ತಂದದ್ದು, ಎಥೆನಾಲ್ ಎಷ್ಟು, ಆ ಮಾದರಿಯಲ್ಲಿ ಪೈಲಟ್ ಎಷ್ಟು ಗಂಟೆ ಹಾರಿದ್ದ, ಎಂಜಿನ್ ನಿಂತಾಗ ಎತ್ತರ ಎಷ್ಟಿತ್ತು, ಎತ್ತ ತಿರುಗಿದ, ಜೊತೆಗಿದ್ದವರಿಗೆ ಹತ್ತುವ ಮೊದಲು ಏನು ಹೇಳಲಾಗಿತ್ತು ಎಂಬ ವಿವರ ಎರಡು ಪುಟದಲ್ಲಿ ಮುಗಿಯುತ್ತದೆ. ಆ ಎರಡು ಪುಟ ಜಕ್ಕೂರಿನ ಹ್ಯಾಂಗರ್‌ಗೂ ಕಾರವಾರದ ಕಡಲತೀರಕ್ಕೂ ತಲುಪುವಂತೆ ಮಾಡಲು ಡಿಜಿಸಿಎಗೆ ಬೇಕಿರುವುದು ಹೊಸ ಕಾನೂನಲ್ಲ, ಒಂದು ಸುತ್ತೋಲೆ.