ಚಿಪ್ಪು ಮತ್ತು ಚೀಟಿ

ನಮ್ಮ ಪಶ್ಚಿಮಘಟ್ಟಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಇಲ್ಲದ ಬಸವನಹುಳುವೊಂದುಂಟು. ಹೆಸರು ಇಂಡ್ರೆಲ್ಲಾ ಆಂಪುಲ್ಲಾ. 1850ರಲ್ಲಿ ಬೆನ್ಸನ್ನರು ಇದನ್ನು ಮೊದಲು ವರ್ಣಿಸಿದರು. ಇದರ ಒಡಲು ಕೆಲವೆಡೆ ಕೆಂಪು, ಕೆಲವೆಡೆ ಹಳದಿ. ವಸ್ತುಸಂಗ್ರಹಾಲಯದಲ್ಲಿ ಬಹುಮಟ್ಟಿಗೆ ಉಳಿಯುವುದಾದರೋ ತೆಳುವಾದ ಚಿಪ್ಪು ಮಾತ್ರ. ಹಾಗಾದರೆ ಅದರ ಬೆಲೆಯೇನು?

ಬೆಲೆಯಿರುವುದು ಜೊತೆಗಿರುವ ಚೀಟಿಯಲ್ಲಿ. ನಿಧಾನವಾಗಿ ತೆವಳುವ ಈ ಜೀವಿಗೆ, ಬಯಲು ಸುತ್ತುವರಿದ ಕಾಡು ಒಂದು ದ್ವೀಪವೇ ಸರಿ. ಯಾವ ಕಾಡು, ಯಾವ ದಿನ, ಬದುಕಿದ್ದಾಗ ಯಾವ ಬಣ್ಣ ಎಂಬುದು ತಿಳಿದಿದ್ದರೆ, ನೂರು ವರ್ಷಗಳ ತರುವಾಯವೂ ಅಲ್ಲಿಗೇ ಹೋಗಿ, ಹುಳು ಉಳಿದಿದೆಯೋ ಅಳಿದಿದೆಯೋ ಎಂದು ಪರೀಕ್ಷಿಸಬಹುದು. ಚೀಟಿ ಕಳೆದುಹೋದ ಚಿಪ್ಪು ಏಕಮಾನವಿಲ್ಲದ ಅಳತೆಯಂತೆ, ಅಂಕಿಯಿದ್ದರೂ ಅರ್ಥವಿಲ್ಲ.

ಶಿವಮೊಗ್ಗದ ವಿದ್ಯಾರ್ಥಿಗಳೇ, ಮಳೆಗಾಲದಲ್ಲಿ ಆಗುಂಬೆಯ ಕಡೆಗೆ ಹೋದಾಗ ಬಸವನಹುಳುವನ್ನು ಕಂಡರೆ ಮುಟ್ಟಬೇಡಿ. ಸ್ಥಳ, ದಿನಾಂಕ, ಬಣ್ಣಗಳನ್ನು ಬರೆದಿಡಿ. ಅದೂ ಒಂದು ಚೀಟಿಯೇ.