ತೆರೆಯ ಮೇಲೆ ಅಕ್ಷರ ಮೂಡುವ ಬಗೆ

ಬೆಂಗಳೂರಿನ ಹೊರವರ್ತುಲ ರಸ್ತೆಯ ಬಳಿಯಿರುವ ಬೆಳ್ಳಂದೂರು ತನ್ನ ಕೆರೆಗೂ ತಂತ್ರಾಂಶ ಕಚೇರಿಗಳಿಗೂ ಹೆಸರಾದ ಊರು. ಈ ಹೆಸರನ್ನು ಕಾಗದದ ಮೇಲೆ ಬರೆದರೆ ನಾಲ್ಕು ಅಕ್ಷರಗಳು: ಬೆ, ಳ್ಳಂ, ದೂ, ರು. ಗಣಕಯಂತ್ರದ ಸ್ಮೃತಿಯಲ್ಲಾದರೋ ಇದಕ್ಕೆ 10 ಸಂಕೇತಗಳು ಬೇಕು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತ, ಅನುಸ್ವಾರ ಇವುಗಳಿಗೆ ಬೇರೆ ಬೇರೆ ಸಂಖ್ಯೆಗಳುಂಟು. ಒತ್ತಕ್ಷರಕ್ಕೆ ಪ್ರತ್ಯೇಕ ಸಂಖ್ಯೆಯಿಲ್ಲ. ‘ಳ್ಳ’ ಎಂಬುದು ಳ, ಹಲಂತ, ಳ ಎಂಬ ಮೂರು ಸಂಕೇತಗಳ ಸಾಲು ಮಾತ್ರ. ಹಾಗಾದರೆ ಒತ್ತು ತನ್ನ ಸ್ಥಾನಕ್ಕೆ ಬಂದು ಸೇರುವುದು ಹೇಗೆ?

ತೆರೆಯ ಮೇಲಣ ಗುಂಡಿ, ಪಟ್ಟಿ, ಬರವಣಿಗೆಯ ಚೌಕ ಇವುಗಳನ್ನು ತಂತ್ರಾಂಶಕಾರರು ಪ್ರತಿ ಸಲವೂ ಹೊಸದಾಗಿ ರಚಿಸುವುದಿಲ್ಲ. ಸಿದ್ಧವಾದ ‘ಟೂಲ್‌ಕಿಟ್’ ಒಂದರಿಂದ ತೆಗೆದುಕೊಳ್ಳುತ್ತಾರೆ. ಜಿ.ಟಿ.ಕೆ. ಇಂಥದೊಂದು. ಬರ್ಕ್ಲಿಯ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1990ರ ದಶಕದಲ್ಲಿ ಗಿಂಪ್ ಎಂಬ ಚಿತ್ರ ತಂತ್ರಾಂಶಕ್ಕಾಗಿ ಇದನ್ನು ಆರಂಭಿಸಿದರು. ಇದರ ಮೂಲಸಂಕೇತ ಮುಕ್ತವಾದುದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಬರಹವನ್ನು ಚಿತ್ರಿಸುವ ಕೆಲಸವನ್ನು ಜಿ.ಟಿ.ಕೆ. ತಾನೇ ಮಾಡದೆ ಪ್ಯಾಂಗೊ ಎಂಬ ಗ್ರಂಥಾಲಯಕ್ಕೆ ಒಪ್ಪಿಸುತ್ತದೆ. ಗ್ರೀಕಿನ ‘ಪ್ಯಾನ್’ ಎಂದರೆ ಎಲ್ಲ, ಜಪಾನಿಯ ‘ಗೊ’ ಎಂದರೆ ಭಾಷೆ; ಎರಡೂ ಕೂಡಿ ಈ ಹೆಸರಾಯಿತು. ಪ್ಯಾಂಗೊ ಸಾಲನ್ನು ತುಂಡುಗಳಾಗಿ ವಿಂಗಡಿಸಿ ಹಾರ್ಫ್‌ಬಜ್‌ಗೆ ಕೊಡುತ್ತದೆ. ಸಂಕೇತಗಳನ್ನು ಫಾಂಟಿನೊಳಗಿನ ರೂಪಗಳನ್ನಾಗಿ ಮಾರ್ಪಡಿಸುವುದು ಇದರ ಕಾರ್ಯ.

ಇದನ್ನು ಕಣ್ಣಾರೆ ಕಾಣಬಹುದು. ಬರೆಯುವ ಪುಟ, ಕಂಪೈಲರ್, ದೋಷಶೋಧಕ ಇವೆಲ್ಲ ಒಂದೆಡೆ ದೊರೆಯುವ ಐ.ಡಿ.ಇ.ಯಲ್ಲಿ, ಉದಾಹರಣೆಗೆ ಗ್ನೋಮ್ ಬಿಲ್ಡರ್‌ನಲ್ಲಿ, ಜಿ.ಟಿ.ಕೆ.ಯ ಮೂಲವನ್ನು ತೆರೆಯಿರಿ. ಮೆಸಾನ್ ಎಂಬ ಸಾಧನವು ಕಟ್ಟುವ ಕ್ರಮವನ್ನು ಸಿದ್ಧಪಡಿಸುತ್ತದೆ. ದೋಷಶೋಧನೆಯ ಮಾಹಿತಿಯನ್ನು ಉಳಿಸಿಕೊಂಡು, ಬೇರೊಂದು ಕೋಶದಲ್ಲಿ ಕಟ್ಟಿರಿ. ಯಂತ್ರದಲ್ಲಿ ಮೊದಲೇ ಇರುವ ಪ್ರತಿ ಕೆಡಬಾರದು. ಪ್ಯಾಂಗೊ, ಹಾರ್ಫ್‌ಬಜ್‌ಗಳನ್ನೂ ಹೀಗೆಯೇ ಕಟ್ಟುವುದು ಅವಶ್ಯ. ಇಲ್ಲವಾದರೆ ದೋಷಶೋಧಕವು ಅವುಗಳ ಬಾಗಿಲಲ್ಲೇ ನಿಂತುಬಿಡುತ್ತದೆ.

ಈಗ ಹಾರ್ಫ್‌ಬಜ್‌ನ ‘ಇಂಡಿಕ್’ ಕಡತದಲ್ಲಿ ತಡೆಬಿಂದುವೊಂದನ್ನಿಟ್ಟು, ಜಿ.ಟಿ.ಕೆ.ಯೊಡನೆ ಬರುವ ಪ್ರದರ್ಶನ ತಂತ್ರಾಂಶದಲ್ಲಿ ‘ಸೂರ್ಯ’ ಎಂದು ಬರೆಯಿರಿ. ಓಟ ಅಲ್ಲಿ ನಿಲ್ಲುತ್ತದೆ. ಸ್ಮೃತಿಯಲ್ಲಿ ರ ಮತ್ತು ಹಲಂತ ಮೊದಲು, ಯ ಅನಂತರ. ಹೆಜ್ಜೆ ಹೆಜ್ಜೆಯಾಗಿ ಮುಂದುವರಿದಂತೆ ರ ಮತ್ತು ಹಲಂತ ಕೂಡಿ ಅರ್ಕಾವೊತ್ತಾಗಿ, ಯಕಾರದ ಬಲಕ್ಕೆ ಸರಿಯುವುದು ಕಾಣುತ್ತದೆ. ಮೊದಲು ಅಕ್ಷರದ ಸಂಕೇತವಿದ್ದ ಸ್ಥಾನಗಳಲ್ಲೇ ಕಡೆಗೆ ಫಾಂಟಿನ ರೂಪಸಂಖ್ಯೆಗಳು ನಿಂತಿರುತ್ತವೆ.

ಇದರಿಂದ ಪ್ರಯೋಜನವೇನು? ಒತ್ತು ತಪ್ಪಾಗಿ ಮೂಡಿದಾಗ ದೋಷ ಎಲ್ಲಿದೆಯೆಂದು ಊಹಿಸಬೇಕಾಗಿಲ್ಲ. ರೂಪಗಳ ಆಯ್ಕೆಯೂ ಕ್ರಮವೂ ಸರಿಯಿದ್ದು ಆಕಾರ ಕೆಟ್ಟಿದ್ದರೆ ಫಾಂಟನ್ನು ನೋಡಬೇಕು. ಕ್ರಮವೇ ತಪ್ಪಿದ್ದರೆ ಹಾರ್ಫ್‌ಬಜ್‌ನ ನಿಯಮವನ್ನು ಪರೀಕ್ಷಿಸಬೇಕು. ಬೀಗಮುದ್ರೆಯ ತಂತ್ರಾಂಶದಲ್ಲಿ ನಾವು ದೂರು ಕೊಟ್ಟು ಕಾಯಬೇಕಾಗುತ್ತದೆ. ಇಲ್ಲಿ ನಾವೇ ತಿದ್ದಿ, ಮತ್ತೆ ಕಟ್ಟಿ ನೋಡಬಹುದು. ಆದರೆ ಮೂಡಿದ ಅಕ್ಷರ ಸರಿಯೆ ತಪ್ಪೆ ಎಂದು ಯಂತ್ರ ತಾನಾಗಿ ಹೇಳಲಾರದು. ಅದನ್ನು ಹೇಳಲು ಕನ್ನಡ ಬಲ್ಲವರೇ ಬೇಕು.